ಹನ್ನೆರಡನೆಯ ತಿದ್ದುಪಡಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಗ್ರಂಥಾಲಯದ ಗುಮಾಸ್ತ ತನ್ನ ಗ್ರಂಥಾಲಯದ ಬಾಗಿಲನ್ನೇ ಎರಡು ಸಲ ದಾಟಿಹೋಗಿ ಮೂರನೆಯ ಸಲ ಹಿಡಿದ. ಒಳಗೆ ಬಂದು ಕಂಪ್ಯೂಟರ್ ತೆರೆದವನೇ ಬೆಚ್ಚಿಬಿದ್ದ. ಅವನ ತಿದ್ದುಪಡಿಯನ್ನು ಗೂಬೆ ಒಪ್ಪಿಕೊಂಡಿತ್ತು!

ಯಾರು ಯಾವ ಪುಸ್ತಕ ಒಯ್ದರೆಂದು ನೆನಪಿಟ್ಟು, ಹಿಂದಿರುಗಿಸದವರಿಗೆ ತಾನೇ ಮೆಸೇಜ್ ಕಳಿಸುವ ಆ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಊರ ಕೆರೆಯ ಹಾಗೆ, ಬಳಸುವವರೇ ಹೂಳೆತ್ತಬೇಕು. ಯಾರು ಬೇಕಾದರೂ ಅದರ ಕೋಡ್ ತಿದ್ದಿ ಕಳಿಸಬಹುದು. ಮುಖ ಕಾಣದ ಪರಿಶೀಲಕರು ಒಪ್ಪಿದರಷ್ಟೇ ಸೇರ್ಪಡೆ. ಹತ್ತು ವರ್ಷ ದಾಟಿದ ಬಾಕಿ ಪುಸ್ತಕಗಳನ್ನು ತಂತ್ರಾಂಶ ಮರೆತೇಬಿಡುತ್ತಿತ್ತು. ಆ ಮರೆವಿಗೆ ಈತ ಮದ್ದು ಬರೆದಿದ್ದ. 'ಗೂಬೆ' ಎಂಬ ಅಡ್ಡಹೆಸರಿನ ಪರಿಶೀಲಕರು ಅದನ್ನು ಹನ್ನೊಂದು ಸಲ ಹಿಂದಕ್ಕೆ ತಳ್ಳಿದ್ದರು. ತಿದ್ದಿದ್ದೇಕೆ, ತಿದ್ದಿದ್ದನ್ನು ನಡೆಸಿ ನೋಡಿದ್ದೆಲ್ಲಿ ಎಂದು ಪ್ರತಿ ಸಲವೂ ಅವೇ ಎರಡು ಪ್ರಶ್ನೆ: "ಕಾರಣ ಎಲ್ಲಿ? ಪರೀಕ್ಷೆ ಎಲ್ಲಿ?"

ಹಿಗ್ಗಿನಲ್ಲಿ ಹಳೆಯ ಆವೃತ್ತಿಯನ್ನು ಅಳಿಸಿ, ಹೊಸದನ್ನು ಆಗಲೇ ಹಾಕಿಕೊಂಡ. ಮೂಲೆಯ ಮೇಜಿನಲ್ಲಿ ದಿನವೂ ಲ್ಯಾಪ್‌ಟಾಪ್ ಹಿಡಿದು ಕೂರುವ ನಿವೃತ್ತ ಗಣಿತದ ಮೇಡಂ ಬಂದೊಡನೆ ಅವರಿಗೂ ಹೇಳಿಕೊಂಡ. "ಒಳ್ಳೇದಾಯ್ತು ಕಣಪ್ಪ," ಎಂದು ಅವರು ಕಣ್ಣು ಮುಚ್ಚಿ ಕೈಮುಗಿದರು. ತನಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಈತ ಬೆಣ್ಣೆಯಂತೆ ಕರಗಿದ.

ಹತ್ತು ನಿಮಿಷವಾಗಿರಲಿಲ್ಲ, ಎದುರಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ನುಗ್ಗಿದ.

"ಏನಯ್ಯಾ ಇದು ಮೆಸೇಜು! ಹದಿನಾಲ್ಕು ವರ್ಷದ ಹಿಂದಿನ ಪುಸ್ತಕ ಕೊಡಬೇಕಂತೆ! ಅರ್ಧ ಗಡ್ಡದ ಗಿರಾಕಿ ಕುರ್ಚಿಲಿ ಕೂತಿದಾನೆ. ಅವನಿಗೂ ಬಂದಿದೆ!"

ಅವನ ಬೆನ್ನಿಗೇ ದರ್ಜಿ, ದಂತವೈದ್ಯೆ, ಅಂಚೆಯವನು. ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

"ಇಷ್ಟು ದಿನ ತೆಪ್ಪಗಿದ್ದ ಮೆಷಿನ್ನಿಗೆ ಯಾರ್ರೀ ಬಾಯಿ ಬರಿಸಿದ್ದು?" ಎಂದಳು ದಂತವೈದ್ಯೆ.

ಗ್ರಂಥಾಲಯದ ಮುಖ್ಯಸ್ಥರು ಕೆಂಡವಾಗಿ ತಮ್ಮ ಕೋಣೆಯಿಂದ ಹೊರಬಂದರು. ಅವರಿಗೂ ಬಂದಿತ್ತು: 'ಕೋಪ ಗೆಲ್ಲುವ ಬಗೆ', ಹನ್ನೆರಡು ವರ್ಷ ಬಾಕಿ.

"ಐದು ಗಂಟೆಯೊಳಗೆ ಇದರ ಬಾಯಿ ಮುಚ್ಚಿಸು! ಇಲ್ಲಾಂದ್ರೆ ನಾಳೆಯಿಂದ ನೆಲಮಾಳಿಗೇಲಿ ಇಲಿಗಳ ಜೊತೆ ಹಳೇ ಪೇಪರ್ ಜೋಡಿಸ್ತಾ ಕೂತಿರು!"

ಗುಮಾಸ್ತ ಗೂಬೆಗೆ ಬರೆದ: 'ದಯವಿಟ್ಟು ನನ್ನ ತಿದ್ದುಪಡಿ ತೆಗೆದುಹಾಕಿ.' ಮರುಕ್ಷಣವೇ ಉತ್ತರ: 'ಕಾರಣ ಎಲ್ಲಿ? ಪರೀಕ್ಷೆ ಎಲ್ಲಿ?'

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ನಿಮ್ಮ ಲೈಬ್ರರಿ ನನ್ನನ್ನ ಕಳ್ಳಿ ಅಂತಿದೆ!"

"ಯಾವ ಪುಸ್ತಕ ಕಣೇ?"

"ಮದುವೆಗೆ ಮುಂಚೆ ನನ್ನ ಕಾರ್ಡಲ್ಲಿ ನೀವೇ ತಗೊಂಡ್ರಲ್ಲ, ಕಂಪ್ಯೂಟರ್ ಕಲಿಯೋ ಪುಸ್ತಕ! ಅದನ್ನ ಓದಿ ತಾನೇ ಈ ಅನಾಹುತ ಮಾಡಿರೋದು!"

ಐದಕ್ಕೆ ಐದು ನಿಮಿಷವಿದ್ದಾಗ ಗಣಿತದ ಮೇಡಂ ಮೆಲ್ಲನೆ ಎದ್ದು ಬಂದು, ರಟ್ಟು ಸವೆದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು.

"ಹತ್ತೊಂಬತ್ತು ವರ್ಷ ಆಯ್ತಪ್ಪ."

"ನಿಮಗೂ ಮೆಸೇಜ್ ಬಂತಾ ಮೇಡಂ?"

"ಬರುತ್ತೆ ಅಂತ ಮೂರು ತಿಂಗಳಿಂದ ಗೊತ್ತಿತ್ತು. ಹನ್ನೊಂದು ಸಲ ನೆಪ ಹೇಳಿ ನಿನ್ನ ತಿದ್ದುಪಡಿ ವಾಪಸ್ ಕಳಿಸಿದೆ. ನಿನ್ನೆ ಪ್ರಾರ್ಥನೆಗೆ ಕೂತರೆ ದೇವರೂ ಅದನ್ನೇ ಕೇಳಿದ ಕಣಪ್ಪ: ಕಾರಣ ಎಲ್ಲಿ?"

ಗುಮಾಸ್ತ ಕುರ್ಚಿಯಿಂದ ಜಿಗಿದೆದ್ದ. "ಗೂ... ಗೂಬೆ ನೀವಾ! ಹಾಗಾದ್ರೆ ಅದನ್ನ ಈಗಲೇ ತೆಗೆದುಬಿಡಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ!"

"ಸರಿಯಾಗಿರೋದನ್ನ ಹೇಗಪ್ಪ ತೆಗೀಲಿ?" ಎಂದು ಅವರು ಹಗುರಾಗಿ ನಡೆದುಹೋದರು.

ಗಡಿಯಾರ ಐದು ಹೊಡೆಯಿತು. ಮುಖ್ಯಸ್ಥರು ಬಂದು ನೆಲಮಾಳಿಗೆಯ ಬೀಗದ ಕೈಯನ್ನು ಗುಮಾಸ್ತನ ಅಂಗೈಗಿಟ್ಟರು. ಆಮೇಲೆ ಅತ್ತಿತ್ತ ನೋಡಿ, ಕೋಟಿನೊಳಗಿಂದ 'ಕೋಪ ಗೆಲ್ಲುವ ಬಗೆ'ಯನ್ನು ತೆಗೆದು ಅವನ ಮುಂದೆ ಸರಿಸಿದರು.