ಬಾಗಿಲಿಗೊಂದು ಚಿಲಕ

ಹೊಲಿಗೆ ಶೆಡ್ಡಿನ ನಲವತ್ತು ಹೆಂಗಸರಿಗೆ ಇದ್ದದ್ದು ಒಂದೇ ಪಾಯಿಖಾನೆ. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅವತ್ತು ಬೆಳಿಗ್ಗೆ ಹಾಗೆ ನಿಂತಿದ್ದವಳನ್ನು ಸೂಪರ್‌ವೈಸರ್ ಗದರಿಸಿ ಮೆಷಿನ್ನಿಗೆ ಅಟ್ಟಿದ. ಗಾಳಿಗೆ ಬಾಗಿಲು ಹಾರುಹೊಡೆಯಿತು. ಒಳಗೆ ಪಿಸುಮಾತಿ. ಎದುರಿಗೆ ಬಟ್ಟೆಯ ಮೂಟೆ ಇಳಿಸುತ್ತಿದ್ದ ಮೂವರು ಗಂಡಸರು.

ಪಿಸುಮಾತಿ ಅನ್ನುವುದು ಶೆಡ್ಡಿನವರು ಇಟ್ಟ ಹೆಸರು. ಅವಳು ಮಾತಾಡಿದರೆ ಸೂಜಿಗೆ ದಾರ ಪೋಣಿಸಿದಷ್ಟೇ ಸದ್ದು.

"ಚಿಲಕ ಬೇಕು ಅಂತ ಇವತ್ತು ನೀನೇ ಕೇಳ್ಬೇಕು ಕಣೇ," ಎಂದಳು ಕಾಜಾ ಹೊಲಿಯುವ ಅಕ್ಕ. ಹೆಂಗಸರು ಸೇರಿ ಕಟ್ಟಿಕೊಂಡ ಧೈರ್ಯ ಸಂಘಕ್ಕೆ ಅವಳೇ ಅಧ್ಯಕ್ಷೆ. ಸಂಘದಲ್ಲಿ ಎಲ್ಲರಿಗೂ ಧೈರ್ಯವಿತ್ತು, ಬೇರೆಯವಳು ಬಾಯಿ ತೆರೆಯುವುದಾದರೆ.

"ನನ್ ಕೈಲಾಗಲ್ಲ ಅಕ್ಕಾ. ನೀವೇ ಕೇಳಿ."

"ನಾನಾ? ಬಾಗಿಲು ತೆರೆದಾಗ ಒಳಗಿದ್ದೋಳು ನಾನಲ್ವಲ್ಲೇ!"

ಊಟದ ಬಿಡುವಿನಲ್ಲಿ ತರಬೇತಿ ಶುರುವಾಯಿತು.

"ಕಣ್ಣಲ್ಲಿ ಕಣ್ಣಿಟ್ಟು ಮಾತಾಡು."

"ಹಂಗೆಲ್ಲ ದಿಟ್ಟಿಸ್ಬೇಡ, ಬೇರೇನೋ ಅನ್ಕೋತಾನೆ."

"ಸೊಂಟಕ್ಕೆ ಕೈ ಕೊಡು."

"ಅಯ್ಯೋ, ನಲ್ಲಿ ಹತ್ರ ಜಗಳಕ್ಕೆ ನಿಂತಂಗೈತೆ!" ಎಂದು ಪಕ್ಕದ ಮೆಷಿನ್ನಿನ, ಪಿಸುಮಾತಿಯ ವಾರಗಿತ್ತಿಯೇ ನಕ್ಕಳು.

ಕೊನೆಗೆ ಅಕ್ಕ, ಅಂಗಿ ತೊಡಿಸಿ ನೋಡುವ ಮರದ ಬೊಂಬೆಯನ್ನು ಎಳೆದು ತಂದಳು. "ಇದೇ ಸೂಪರ್‌ವೈಸರ್ ಅನ್ಕೋ. ತಲೆ ಇಲ್ಲ. ಅಲ್ಲಿಗೆ ಸರಿಹೋಯ್ತು."

"ಸಾರ್... ಚಿಲಕ..."

"ಕೇಳಿಸ್ಲಿಲ್ಲ!" ಎಂದು ಸಂಘ ಕೂಗಿತು.

ಪಿಸುಮಾತಿಗೆ ಬೆಳಗಿನ ಆ ಆರು ಕಣ್ಣುಗಳು ನೆನಪಾದವು. ಎಷ್ಟೋ ವರ್ಷದಿಂದ ಎದೆಯಲ್ಲಿ ಸುತ್ತಿಟ್ಟಿದ್ದ ದನಿಯ ಉಂಡೆ ಒಮ್ಮೆಗೇ ಬಿಚ್ಚಿಕೊಂಡಿತು.

"ಲೋ! ನಿನ್ನ ಅಂಗಿಗೆ ಏಳು ಗುಂಡಿ ಹಾಕ್ತೀನಿ. ನನ್ನ ಮಾನಕ್ಕೊಂದು ಚಿಲಕ ಹಾಕ್ಸೋಕೆ ನಿಂಗೇನೋ ದಾಡಿ?"

ತಳ್ಳಿದ ರಭಸಕ್ಕೆ ಬೊಂಬೆ ಉರುಳಿತು. ಬಿದ್ದದ್ದು ಅದರ ಹಿಂದೆ ಬಂದು ನಿಂತಿದ್ದ ಸೂಪರ್‌ವೈಸರನ ಕಾಲಮೇಲೆ. ಕಲ್ಲು ಬಿದ್ದ ಕಡೆಯಿಂದ ಗುಬ್ಬಿಗಳು ಹಾರಿದಂತೆ ಸಂಘ ಮೆಷಿನ್ನುಗಳಿಗೆ ಹಾರಿತು.

"ಯಾರಿಗೆ ಬೈತಿದ್ದೆ?"

ಬೊಂಬೆಗೆ ಎಂದಿದ್ದರೆ ಮುಗಿಯುತ್ತಿತ್ತು. "ನಿಮಗೇ ಸಾರ್," ಎಂದಳು ಪಿಸುಮಾತಿ. "ಚಿಲಕ ಬೇಕು."

ಅವನು ಕಾಲು ನೀವಿಕೊಂಡ. "ಆಗ್ಲಿ. ಇವತ್ತೇ ಹಾಕಿಸ್ತೀನಿ."

ಮಧ್ಯಾಹ್ನ ಸುತ್ತಿಗೆಯ ಸದ್ದು ಕೇಳಿದಾಗ ಹೆಂಗಸರು ಅವಳನ್ನು ಎತ್ತಿ ಕುಣಿಸುವುದೊಂದು ಬಾಕಿ. "ಎಲ್ಲಾ ನಮ್ಮ ತರಬೇತಿ!" ಎಂದಳು ಅಕ್ಕ.

ಎಲ್ಲರೂ ಓಡಿಹೋಗಿ ನೋಡಿದರು. ಹೊಸ ಚಿಲಕ ಥಳಥಳ ಹೊಳೆಯುತ್ತಿತ್ತು. ಬಾಗಿಲಿನ ಹೊರಗಡೆ. ಒಳಗಡೆ ಏನೂ ಇರಲಿಲ್ಲ. ಅದಕ್ಕೆ ಮುಷ್ಟಿಗಾತ್ರದ ಬೀಗ. ಬೀಗದಕೈ ಸೂಪರ್‌ವೈಸರನ ಸೊಂಟದಲ್ಲಿ.

"ಇನ್ಮೇಲೆ ಸುಮ್‌ಸುಮ್ನೆ ಎದ್ದು ಹೋಗಂಗಿಲ್ಲ, ಬಾಗಿಲು ಹಿಡಿಯೋಕೆ ಜೊತೆಗೂ ಹೋಗಂಗಿಲ್ಲ," ಎಂದ ಅವನು. "ಬೇಕಾದೋಳು ಒಬ್ಬೊಬ್ಬಳೇ ಬಂದು ಬೀಗದಕೈ ಕೇಳಿ. ಹೆಂಗೆ ಕೇಳೋದು ಅಂತ ಇವಳು ಕಲಿಸಿಕೊಡ್ತಾಳೆ."

ಬೆಳಿಗ್ಗೆ ಅರ್ಧಕ್ಕೇ ಎದ್ದು ಬಂದಿದ್ದ ಪಿಸುಮಾತಿ ಆಗಿನಿಂದ ತಡೆದುಕೊಂಡಿದ್ದಳು. ಇನ್ನು ಆಗುತ್ತಿರಲಿಲ್ಲ.

"ಸಾರ್... ಬೀಗದಕೈ..."

"ಕೇಳಿಸ್ಲಿಲ್ಲ."

"ಬೀಗದಕೈ ಕೊಡಿ ಸಾರ್!"

ಅಂಗಳದಲ್ಲಿ ಮೂಟೆ ಇಳಿಸುತ್ತಿದ್ದ ಮೂವರೂ ಒಟ್ಟಿಗೇ ತಿರುಗಿ ನೋಡಿದರು. ಗಾಳಿ ಇನ್ನೂ ನಿಂತಿರಲಿಲ್ಲ.