ಅತ್ತೆಯ ಐದು ಬಸ್ಕಿ

ನಮ್ಮತ್ತೆಯ ಕಾರ್ಖಾನೆಯಲ್ಲಿ ಯಾರೇ ತಪ್ಪು ಮಾಡಲಿ, ಶಿಕ್ಷೆ ತಪ್ಪಿದ್ದಲ್ಲ. ಆ ಶಿಕ್ಷೆಯನ್ನು ಅನುಭವಿಸುವವರು ಅತ್ತೆಯೇ ಎಂಬುದೊಂದೇ ವಿಶೇಷ!

ಕಾರ್ಖಾನೆ ಎಂದರೆ ಗೋವಿಂದರಾಜನಗರದ ಒಂದು ದಿನಸಿ ಅಂಗಡಿಯ ಮೇಲಿನ ಶೀಟಿನ ಮಹಡಿ. ಹನ್ನೊಂದು ಹೊಲಿಗೆ ಯಂತ್ರ, ಹನ್ನೊಂದು ಟೈಲರ್‌ಗಳು, ಬಟ್ಟೆ ಕತ್ತರಿಸಲು ಒಬ್ಬ ಕಟಿಂಗ್ ಮಾಸ್ಟರ್. ಹೊಲಿಯುವುದು ಶಾಲಾ ಮಕ್ಕಳ ಯೂನಿಫಾರಂ. ಅತ್ತೆ ನಮ್ಮಪ್ಪನ ಅಕ್ಕ. ವಯಸ್ಸು ಅರವತ್ತನಾಲ್ಕು, ತೂಕ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದೇ ಅತ್ತೆಯ ಕೈಯಲ್ಲಿ. ಆದರೂ ಅವರ ಆಡಳಿತ ಕ್ರಮವನ್ನು ಕಣ್ಣಾರೆ ಕಂಡದ್ದು ಮೂವತ್ತು ದಾಟಿದ ಮೇಲೆ. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ.

ಶಾಲೆಗಳು ತೆರೆಯುವ ಮುಂಚಿನ ಗಡಿಬಿಡಿಯ ದಿನ. ನಾನು ಏನೋ ಕೊಡಲು ಹೋಗಿದ್ದೆ. ಅಮ್ಮ ಕಳಿಸಿದ ಹುಳಿಯೋ, ಮದುವೆ ಕಾಗದವೋ. ಒಂದೊಂದು ಸಲ ಬರೆಯುವಾಗಲೂ ನನ್ನ ಕೈಯಲ್ಲಿರುವ ವಸ್ತು ಬದಲಾಗುತ್ತದೆ. ಬದಲಾಗದೆ ಉಳಿದದ್ದು ಅಲ್ಲಿ ಕಂಡ ದೃಶ್ಯ. ನೂರ ನಲವತ್ತು ಅಂಗಿಗಳಲ್ಲಿ ಎಡಗಡೆ ಬರಬೇಕಾದ ಜೇಬು ಬಲಗಡೆ ಬಂದು ಕೂತಿತ್ತು! ಗುರುತು ಹಾಕಿ ಕೊಟ್ಟವನು ಕಟಿಂಗ್ ಮಾಸ್ಟರ್ ಬಸಣ್ಣ, ಬಾಗಲಕೋಟೆ ಕಡೆಯವನು. ಅವನ ಮುಖ ಸುಣ್ಣದ ಹಾಗಾಗಿತ್ತು.

ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ವಿಚ್‌ಬೋರ್ಡಿನ ಪಕ್ಕದ ಗಣಪತಿ ಪಟದ ಮುಂದೆ ನಿಂತು, ಎರಡೂ ಕೈ ಅಡ್ಡ ಮಾಡಿ ಕಿವಿ ಹಿಡಿದು, ಬಸ್ಕಿ ಹೊಡೆಯಲು ಶುರು ಮಾಡಿದರು!

"ಒಂದು..."

ಮೊಣಕಾಲು ಲಟಕ್ಕೆಂದಿತು. ಹನ್ನೊಂದು ಯಂತ್ರಗಳೂ ನಿಂತವು.

"ಸಾಕ್ ಮಾಡ್ರಿ ಅಮ್ಮಾರ! ನಿಮ್ಮ ಮೊಣಕಾಲಿನ ಸಪ್ಪಳ ನನ್ನ ಎದಿಗೆ ಹೊಡದಂಗ ಆಗಾಕತ್ತೈತ್ರಿ!" ಎಂದ ಬಸಣ್ಣ.

"ಮಧ್ಯ ಮಾತಾಡ್ಬೇಡ ಬಸಣ್ಣ. ಲೆಕ್ಕ ತಪ್ತು. ಈಗ ಮತ್ತೆ ಒಂದರಿಂದ ಶುರು ಮಾಡ್ಬೇಕು."

ಎಷ್ಟು ಹೊಡೆದರು? ನನ್ನ ನೆನಪಿನ ಪ್ರಕಾರ ಇಪ್ಪತ್ತೊಂದು. ಬಸಣ್ಣನ ಪ್ರಕಾರ ನೂರಾ ಎಂಟು. ಅತ್ತೆ ಐದು ಎನ್ನುತ್ತಾರೆ. ಐದೆಂದೇ ಇಟ್ಟುಕೊಳ್ಳೋಣ, ಕಾಲು ಅವರದು. ಬಸಣ್ಣ ಮಾತ್ರ ಊಟಕ್ಕೂ ಏಳದೆ ಸಂಜೆಯವರೆಗೆ ಕೂತು ಜೇಬುಗಳನ್ನು ಬಿಚ್ಚಿದ. ಯಾರೂ ಅವನಿಗೆ ಹೇಳಿರಲಿಲ್ಲ.

ನಾನು ಸುಮ್ಮನಿರಬೇಕಲ್ಲ? "ಅತ್ತೆ, ತಪ್ಪು ಮಾಡಿದ್ದು ಅವನು" ಎಂದೆ.

"ಅವನನ್ನ ಕೆಲಸಕ್ಕೆ ಇಟ್ಕೊಂಡಿದ್ದು ಯಾರು?"

"ನೀವು."

"ಹೋದ ವರ್ಷ ಹೊಲಿಗೆ ಚೆನ್ನಾಗಿದೆ ಅಂತ ಸ್ಕೂಲಿನವರು ಶಾಲು ಹೊದಿಸಿದ್ದು ಯಾರಿಗೆ?"

"ನಿಮಗೆ."

"ಶಾಲು ನನಗೆ, ಬಸ್ಕಿ ಅವನಿಗಾ? ಯಾವ ನ್ಯಾಯ ಕಣೋ ಇದು?"

ಇದಕ್ಕೆ ಉತ್ತರ ನಿಮಗೇನಾದರೂ ಹೊಳೆಯಿತೇ?

ಮುಂದಿನದು ಮೂಳೆ ಡಾಕ್ಟರ ಪ್ರಸಂಗ. ವಿಜಯನಗರದ ಆ ಡಾಕ್ಟರು ಮೆಟ್ಟಿಲು ಹತ್ತಬೇಡಿ, ನೆಲದ ಮೇಲೆ ಕೂರಬೇಡಿ ಎಂದು ಪಟ್ಟಿ ಕೊಟ್ಟರು. "ಬಸ್ಕಿ ಹೊಡೀಬಹುದಾ?" ಎಂದರು ಅತ್ತೆ. ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ.

"ಅಲ್ಲಮ್ಮಾ, ಈ ವಯಸ್ಸಲ್ಲಿ ನಿಮ್ಮ ಕೈಲಿ ಬಸ್ಕಿ ಹೊಡೆಸೋರು ಯಾರು?"

"ನನ್ನ ಕೆಲಸದವರು."

ಡಾಕ್ಟರು ಬೆಚ್ಚಿ ನನ್ನತ್ತ ನೋಡಿದ ನೋಟವಿದೆಯಲ್ಲ, ಪೊಲೀಸರಿಗೆ ಫೋನ್ ಮಾಡುವ ಮುಂಚಿನ ನೋಟ ಅದು!

ಸುದ್ದಿ ಕಾರ್ಖಾನೆಗೆ ತಲುಪಿತು. ಅತ್ತೆಯ ಮೊಣಕಾಲು ಉಳಿಸಲು ಎಲ್ಲರೂ ಒಂದಾಗಿ ಒಂದು ಘನಕಾರ್ಯ ಮಾಡಿದರು: ತಪ್ಪುಗಳನ್ನು ಮುಚ್ಚಿಡಲು ಶುರು ಮಾಡಿದರು! ಮೂರು ವಾರದ ನಂತರ ಅತ್ತೆಗೆ ಬಟ್ಟೆಯ ಥಾನುಗಳ ಹಿಂದೆ ಒಂದು ಮೂಟೆ ಸಿಕ್ಕಿತು. ಬಿಚ್ಚಿದರೆ ಸೊಟ್ಟ ಕಾಲರುಗಳು, ಒಂದೇ ತೋಳಿನ ಅಂಗಿಗಳು, ಗುಂಡಿಗಳು ಬೆನ್ನಿಗೆ ಬಂದ ಒಂದು ಷರಟು. ಅತ್ತೆ ಅದರ ಮೇಲೆಯೇ ಕುಸಿದು ಕೂತರು. ಅವರು ಅಷ್ಟು ಗಾಬರಿಯಾದದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಹೊಸ ಕಾನೂನು ಬಂತು. ತಪ್ಪು ಮಾಡಿದವರು ತಾವೇ ಬಂದು ಹೇಳಿದರೆ ಬಸ್ಕಿ ಇಲ್ಲ. ಮುಚ್ಚಿಟ್ಟರೆ ಐದಲ್ಲ, ಹತ್ತು. ಅದೂ ಅತ್ತೆಯದೇ!

ಈಗ ನನ್ನ ವಿಷಯ. ರಾಜಾಜಿನಗರದ ಒಂದು ಕಂಪನಿಯಲ್ಲಿ, ಆಸ್ಪತ್ರೆಗಳಿಗೆ ಸಾಮಾನು ಕಳಿಸುವ ವಿಭಾಗದಲ್ಲಿ, ನಾನು ಆರು ಜನರ ಟೀಮ್ ಲೀಡರ್. ಕಂಪನಿ ನನ್ನನ್ನು ಮೂರು ದಿನದ ನಾಯಕತ್ವ ಶಿಬಿರಕ್ಕೆ ಕಳಿಸಿತ್ತು. ಅಲ್ಲಿ ನಲವತ್ತು ಪ್ರಶ್ನೆ ಕೇಳಿ, ನೀವು ಯಾವ ಪ್ರಾಣಿಯಂಥ ನಾಯಕ ಎಂದು ಹೇಳುತ್ತಿದ್ದರು. ನಾನು ಆನೆ. ಪ್ರಮಾಣಪತ್ರವನ್ನು ಅತ್ತೆಗೆ ತೋರಿಸಿದೆ.

"ಆನೆ ಬಸ್ಕಿ ಹೊಡಿಯತ್ತಾ?" ಎಂದು ಕೇಳಿ ಅದನ್ನು ಹಿಂದಕ್ಕೆ ಕೊಟ್ಟರು.

ಶಿಬಿರ ಮುಗಿದ ತಿಂಗಳಲ್ಲೇ ಅರವತ್ತು ಪೆಟ್ಟಿಗೆಗಳು ತಪ್ಪು ವಿಳಾಸಕ್ಕೆ ಹೋದವು. ಹಳೆಯ ಪಟ್ಟಿಯನ್ನು ಹೊಸದೆಂದು ಕೊಟ್ಟವನು ನಾನು. ಕಳಿಸಿದವಳು ಶಿಲ್ಪಾ, ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಮ್ಯಾನೇಜರು ವಿವರಣೆ ಕೇಳಿದಾಗ ಆನೆ ಒಂದು ಮೇಲ್ ಬರೆಯಿತು: ಇದು ಶಿಲ್ಪಾ ಅವರ ಕಡೆಯಿಂದ ಆದ ಲೋಪ. ಅವಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಸೋಮವಾರ ತೀರ್ಮಾನವಾಗಬೇಕಿತ್ತು.

ಭಾನುವಾರವೂ ನಡೆಯುತ್ತಿದ್ದ ಕಾರ್ಖಾನೆಗೆ ಹೋಗಿ ಇದನ್ನು ಅತ್ತೆಗೆ ಹೇಳಿದೆ. ಏಕೆ ಹೇಳಿದೆ? ಮನಸ್ಸು ಚುಚ್ಚುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನಾನು ಹೇಳಿದ ಧಾಟಿ ಜಾಣತನ ಕೊಚ್ಚಿಕೊಳ್ಳುವವನದು ಎಂದು ಅನುಮಾನ.

"ಪಟ್ಟಿ ಕೊಟ್ಟಿದ್ದು ಯಾರು?" ಎಂದರು ಅತ್ತೆ.

"ನಾನೇ. ಆದ್ರೆ ಅವಳೂ ಒಂದ್ಸಲ ನೋಡ್ಬೇಕಿತ್ತು..."

ಅತ್ತೆ ಎದ್ದು ಸೆರಗು ಸಿಕ್ಕಿಸಿದರು. ನಾನು ಎದ್ದು ಅಡ್ಡ ನಿಂತೆ.

"ಅತ್ತೆ, ಬೇಡ! ನಾನೇನು ನಿಮ್ಮ ಕೆಲಸದವನಾ?"

"ಆ ಮೇಲ್ ಬರೀತಲ್ಲ, ಆ ಕೈ ಹಿಡಿದು ಅ ಆ ತಿದ್ದಿಸಿದ್ದು ಯಾರೋ?"

ಗಣಪತಿಯ ಮುಂದೆ ಕಿವಿ ಹಿಡಿದು ನಿಂತರು. "ಮುಚ್ಚಿಟ್ಟಿದೀಯ. ಹತ್ತು. ಒಂದು..."

"ಅತ್ತೆ, ಡಾಕ್ಟ್ರು ಏನು ಹೇಳಿದಾರೆ..."

ಬಸಣ್ಣ ಕತ್ತರಿ ಹಿಡಿದುಕೊಂಡೇ ಓಡಿ ಬಂದು ನನ್ನ ಬಾಯಿ ಮುಚ್ಚಿದ. "ಸಾಹೇಬ್ರ, ಕೈ ಮುಗೀತೀನಿ, ನಡುವ ಮಾತಾಡಬ್ಯಾಡ್ರಿ! ಮತ್ತ ಒಂದರಿಂದ ಸುರು ಮಾಡ್ತಾರ!"

"ಮತ್ತೆ ಒಂದು... ಎರಡು... ಮೂರು..."

ಮೂರನೆಯದಕ್ಕೆ ಕೂತವರು ಏಳಲಿಲ್ಲ. ನೆಲಕ್ಕೆ ಕೈಯೂರಿದರು. ನಾನೂ ಬಸಣ್ಣನೂ ಹಿಡಿದೆತ್ತಿ ಸ್ಟೂಲಿನ ಮೇಲೆ ಕೂರಿಸಿದೆವು. ಮುಖದ ತುಂಬ ಬೆವರು.

"ಇನ್ನೂ ಏಳು ಬಾಕಿ" ಎಂದರು.

ನಾನು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತು ಫೋನ್ ತೆಗೆದೆ. ಪಟ್ಟಿ ಕೊಟ್ಟವನು ನಾನು, ಶಿಲ್ಪಾಳ ತಪ್ಪಿಲ್ಲ, ಮೊದಲ ಮೇಲ್‌ನಲ್ಲಿ ನಾನು ಸುಳ್ಳು ಬರೆದಿದ್ದೆ ಎಂದು ಟೈಪ್ ಮಾಡಿದೆ. ಮೂರೇ ವಾಕ್ಯ. ಶಿಬಿರದ ಆ ನಲವತ್ತು ಪ್ರಶ್ನೆಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಕಳಿಸಿದೆ. ಶಿಲ್ಪಾ ಈಗಲೂ ಅಲ್ಲಿದ್ದಾಳೆ. ಟೀಮ್ ಲೀಡರ್ ಬೇರೆ ಯಾರೋ ಆಗಿದ್ದಾರೆ. ಅದು ಆಮೇಲಿನ ಮಾತು.

"ಕಳಿಸಿದೆ ಅತ್ತೆ. ಹೇಳಿಬಿಟ್ರೆ ಬಸ್ಕಿ ಇಲ್ಲ ತಾನೆ?"

"ಲೇಟಾಗಿ ಹೇಳಿದೀಯ. ಬಾಕಿ ಏಳು ನೀನು ಹೊಡಿ. ನನ್ನ ಕೈಲಾಗಲ್ಲ."

ಹನ್ನೊಂದು ಯಂತ್ರಗಳು ನಿಂತವು. ಕಿವಿ ಹಿಡಿದೆ. ಸ್ಟೂಲಿನ ಮೇಲಿಂದ ಅತ್ತೆ ಎಣಿಸತೊಡಗಿದರು. ಎರಡನೆಯದಕ್ಕೇ ನನ್ನ ಮೊಣಕಾಲೂ ಲಟಕ್ಕೆಂದಿತು. ಅವರದೇ ಸಪ್ಪಳ!

"ಮೂರು... ನಾಲ್ಕು..." ಎಂದವರು ಬೇರೆಲ್ಲೋ ನೋಡುತ್ತಾ, "ಏಳು. ಸಾಕು, ಬಾ ಮಗೂ" ಎಂದರು.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ಆ ಲೆಕ್ಕದಲ್ಲಿ ನಾಲ್ಕರ ನಂತರ ಬಂದದ್ದು ಏಳೇ. ಬಸಣ್ಣನನ್ನೂ ಕೇಳಿ ನೋಡಿದ್ದೇನೆ.