ಹೊಟ್ಟೆ ನನ್ನದು, ಉತ್ತರ ಯಜಮಾನರಿಗೆ

ಬೊಜ್ಜಿನ ಆಪರೇಷನ್ನಿನಲ್ಲಿ ಕಲಬುರಗಿ ಸೀಮೆಗೇ ಕೈಗುಣದವರೆಂದು ಹೆಸರಾದ, ಗುರುವಾರ ಮತ್ತು ಶನಿವಾರ ಮಾತ್ರ ದರ್ಶನ ಕೊಡುವ, ಮಾನ್ಯ ಡಾಕ್ಟರ್ ಮೌನೇಶ ಸಾಹೇಬರೇ,

ಕಮಲಾಪುರದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಕಲಿಸುತ್ತಿರುವ ಪುತಳಾಬಾಯಿ ಎಂಬ ನಾನು ತಮಗೆ ಮಾಡುವ ಜೈಭೀಮ್ ಹಾಗೂ ಶರಣಾರ್ಥಿಗಳು. ನಾವು ಆರಾಮ ಇದ್ದೇವೆ, ತಾವೂ ಆರಾಮ ಇದ್ದೀರೆಂದು ನಂಬಿದ್ದೇವೆ ಎಂದು ಬರೆಯುವುದು ಪತ್ರದ ಪದ್ಧತಿ. ತಾವು ಆರಾಮ ಇರುವುದನ್ನು ಬಾಗಿಲ ಸಂದಿಯಿಂದ ಕಣ್ಣಾರೆ ಕಂಡಿದ್ದೇನೆ. ನಾನು ಆರಾಮ ಇದ್ದೇನೋ ಇಲ್ಲವೋ ಎಂಬುದನ್ನು ಮಾತ್ರ ತಮ್ಮಿಂದಲೇ ತಿಳಿಯಬೇಕಾಗಿದೆ. ಇದನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಏಕೆಂದರೆ ತಮ್ಮ ಕೋಣೆಯೊಳಗೆ ಕಾಲಿಡುವ ಹಕ್ಕು ನನಗೆ ಸದ್ಯಕ್ಕೆ ಉಳಿದಿಲ್ಲ.

ಮೊದಲಿಗೆ ತಮ್ಮ ಕೈಚಳಕವನ್ನು ಹೊಗಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಮೂರು ತಿಂಗಳ ಹಿಂದೆ ನೂರಾ ಹದಿನೆಂಟು ಕಿಲೋ ತೂಗುತ್ತಿದ್ದ, ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದ, ಬೋರ್ಡಿನ ಮೇಲೆ ಒಂದು ಪದ್ಯ ಬರೆದು ಮುಗಿಸುವಷ್ಟರಲ್ಲಿ ಮೊಣಕಾಲು ಹಿಡಿದು ಕೂತುಬಿಡುತ್ತಿದ್ದ ನನ್ನ ಹೊಟ್ಟೆಯ ಮುಕ್ಕಾಲು ಪಾಲನ್ನು ತಾವು ಸಣ್ಣ ಸಣ್ಣ ತೂತುಗಳಿಂದಲೇ ಹೊರಗೆ ತೆಗೆದು, ನಾಲ್ಕನೆಯ ದಿನ ನನ್ನನ್ನು ನನ್ನ ಕಾಲ ಮೇಲೆಯೇ ನಡೆಸಿ ಮನೆಗೆ ಕಳಿಸಿದಿರಿ. ಕೀವಾಗಲಿಲ್ಲ, ಜ್ವರ ಬರಲಿಲ್ಲ. ಇಷ್ಟು ಮಾತನ್ನು ನಾನು ಯಾವ ಅಣಕವೂ ಇಲ್ಲದೆ ಹೇಳುತ್ತಿದ್ದೇನೆ, ದಯವಿಟ್ಟು ಹಾಗೆಯೇ ಓದಿಕೊಳ್ಳಬೇಕು.

ಇಂಥ ಕೈಗಳುಳ್ಳವರಿಂದ ನನಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ಹೊಟ್ಟೆಯೇ ಕಾಲು ಪಾಲಿಗೆ ಇಳಿದ ಮೇಲೆ ಹಳೆಯ ಸಕ್ಕರೆ ಗುಳಿಗೆಯನ್ನು ಮೊದಲಿನ ಹಾಗೆಯೇ ನುಂಗಬೇಕೋ, ಕಡಿಮೆ ಮಾಡಬೇಕೋ, ಪೂರ್ತಿ ಬಿಡಬೇಕೋ? ಎಂಟನೆಯ ಇಯತ್ತೆಯ ಮಕ್ಕಳಿಗೂ ಅರ್ಥವಾಗುವ ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬಂದೆ, ಟೋಕನ್ ಪಡೆದೆ, ಮೂರು ತಾಸು ಕಾದೆ, ನನ್ನ ಯಜಮಾನರಾದ ಮಹಾದೇವಪ್ಪನವರ ಜೊತೆ ತಮ್ಮ ಮುಂದೆ ಕೂತು ಕೇಳಿದೆ. ಕೇಳಿದವಳು ನಾನು. ಆದರೆ ತಾವು, ಹೆಂಗಸು ಕೇಳಿದರೆ ಗಂಡಸಿಗೆ ಹೇಳುವುದು ಎಂಬ ನಮ್ಮ ಕಡೆಯ ಪುರಾತನ ಮರ್ಯಾದೆಯನ್ನು ಒಂದು ಎಳೆಯೂ ಮುರಿಯದೆ, ಯಜಮಾನರ ಮುಖವನ್ನೇ ನೋಡಿ "ನೋಡಮ್ರಿ, ಮುಂದಿನ ಸಲ ನೋಡಮ್" ಎಂದಿರಿ. ವಾಂತಿಯಾಗುತ್ತದೆ ಎಂದೆ, ಅವರನ್ನು ನೋಡಿ "ನೋಡಮ್ರಿ" ಎಂದಿರಿ. ಬಾಚಣಿಕೆಗೆ ಕೂದಲು ಮುಷ್ಟಿ ಮುಷ್ಟಿ ಬರುತ್ತದೆ ಎಂದೆ. ತಾವು ಅವರ ಬೋಳು ತಲೆಯನ್ನು ಕನಿಕರದಿಂದ ನೋಡಿದಿರಿ.

ಆಮೇಲೆ ಪಥ್ಯ ಹೇಳಿದಿರಿ. ಅದನ್ನೂ ಅವರ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಿರಿ: "ಎರಡು ವಾರ ಬರೇ ತೆಳ್ಳಂದೇ ಕುಡೀಬೇಕು. ಬ್ಯಾಳಿಕಟ್ಟು, ಮಜ್ಜಿಗಿ. ರೊಟ್ಟಿ ಮುಟ್ಟಂಗಿಲ್ಲ. ತಿಳೀತಿಲ್ಲೋ?" ನಮ್ಮ ಯಜಮಾನರು ನಂದೂರಿನ ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ಸೂಪರ್ವೈಸರ್ ಆಗಿರುವವರು, ಮೇಲಿನವರು ಯಾರ ಮುಖ ನೋಡಿ ಹೇಳುತ್ತಾರೋ ಆ ಕೆಲಸ ಅವರದೇ ಎಂಬ ಒಂದೇ ನಿಯಮದ ಮೇಲೆ ನೌಕರಿ ಉಳಿಸಿಕೊಂಡವರು. "ತಿಳೀತ್ರಿ ಸಾಹೇಬ್ರ" ಎಂದರು. ಮನೆಗೆ ಬಂದು ಬೇಳೆಕಟ್ಟಿನ ಲೋಟ ನನ್ನ ಕೈಯಿಂದ ತೆಗೆದುಕೊಂಡು ತಾವೇ ಕುಡಿಯತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಾನು ತರಗತಿಯಲ್ಲಿ ಗಾದೆಯ ವಿಸ್ತರಣೆ ಮಾಡಿಸಿದ್ದೇನೆ, ಆದರೆ ಎಮ್ಮೆ ತಾನಾಗಿ ಬಂದು ಬರೆ ಹಾಕಿಸಿಕೊಂಡದ್ದನ್ನು ಕಂಡದ್ದು ಇದೇ ಮೊದಲು. ಎಷ್ಟು ಹೇಳಿದರೂ ಕೇಳಲಿಲ್ಲ. "ಸಾಹೇಬ್ರು ನನ್ನ ಮಾರಿ ನೋಡೇ ಹೇಳ್ಯಾರ, ನಾ ಮಾಡ್ಲಿಕ್ಕೇ ಬೇಕು" ಎಂದರು. ಮೊದಲೇ ಐವತ್ತೆಂಟು ಕಿಲೋ ಇದ್ದ ಮನುಷ್ಯ, ಸುತ್ತಲೂ ತೊಗರಿಬೇಳೆಯ ರಾಶಿ ಇಟ್ಟುಕೊಂಡು, ಬೇಳೆಯ ನೀರು ಕುಡಿದು, ಐವತ್ತಕ್ಕೆ ಇಳಿದರು. ನಾನು ಬೇರೆ ಪಾತ್ರೆಯಲ್ಲಿ ನನ್ನ ಪಾಲಿನ ಕಟ್ಟು ಮಾಡಿಕೊಂಡು ಅಡುಗೆಮನೆಯಲ್ಲಿ ಕದ್ದು ಕುಡಿದೆ.

ಎರಡನೆಯ ಭೇಟಿಯಲ್ಲೂ ಅದೇ ಪ್ರಶ್ನೆ, ಅದೇ "ನೋಡಮ್ರಿ". ಮೂರನೆಯದು ಮಾತ್ರ ವೈದ್ಯಶಾಸ್ತ್ರದ ಇತಿಹಾಸದಲ್ಲಿ ದಾಖಲಾಗತಕ್ಕದ್ದು. ತಾವು ತಲೆಯೆತ್ತದೆ, ತೂಕ ನೋಡಲು ಕೈಸನ್ನೆ ಮಾಡಿದಿರಿ. ಕೈ ಯಾರ ಕಡೆಗಿತ್ತೋ ಅವರು ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಂತರು. ನೂರಾ ಹದಿನೆಂಟರ ಮುಂದೆ ಐವತ್ತು ಎಂದು ಬರೆಯುವಾಗ ತಮ್ಮ ಪೆನ್ನು ನಡುಗಲಿಲ್ಲ, "ಶಾಬಾಸ್!" ಎಂದು ಅವರ ಬೆನ್ನು ತಟ್ಟಿದಿರಿ. ಅವರ ಬೆರಳನ್ನೇ ಚುಚ್ಚಿ ಸಕ್ಕರೆ ನೋಡಿಸಿದಿರಿ. ಸಕ್ಕರೆ ಕಾಯಿಲೆಯೇ ಇಲ್ಲದ ಆ ಬೆರಳು ಬಹಳ ಒಳ್ಳೆಯ ಲೆಕ್ಕ ಕೊಟ್ಟಿತು. ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ, ಇದನ್ನೇ ಮುಂದುವರಿಸಿ ಎಂದು ಬರೆದುಕೊಟ್ಟಿರಿ. ಪೇಶಂಟ್ ನಾನು ಎಂದು ಎದ್ದು ನಿಂತು ಹೇಳಿದೆ. ಆಗ ನರ್ಸಮ್ಮ ನನ್ನ ಭುಜ ಹಿಡಿದು, ಬಹಳ ಪ್ರೀತಿಯಿಂದ, "ಅಕ್ಕಾರ, ಪೇಶಂಟ್ ಜೋಡಿ ಬಂದವರು ಹೊರಗ ಕೂಡ್ರಬೇಕ್ರಿ" ಎಂದು ಬಾಗಿಲು ಹಾಕಿದರು.

ಅಂದಿನಿಂದ ನಾನು ನನ್ನದೇ ಕಾಯಿಲೆಯ ಜೊತೆಗೆ ಬಂದವಳು. ನನ್ನ ತೂಕವನ್ನು ಯಜಮಾನರ ಮಿಲ್ಲಿಗೆ ಹೋಗಿ, ಚೀಲ ತೂಗುವ ಕಾಟಾದ ಮೇಲೆ ನಿಂತು ತಿಳಿದುಕೊಂಡೆ. ತೊಂಬತ್ತಾರು ಕಿಲೋ. ಹಮಾಲರು ಬಹಳ ಗೌರವದಿಂದ ಪಕ್ಕಕ್ಕೆ ಸರಿದು ನಿಂತಿದ್ದರು, ಮತ್ತು ಇಡೀ ಮೂರು ತಿಂಗಳಲ್ಲಿ ನನ್ನ ತೂಕವನ್ನು ನನಗೇ ಹೇಳಿದ ಮೊದಲ ಸಂಸ್ಥೆ ಅದು.

ಇಷ್ಟರಲ್ಲಿ ತಾವು ಕಲಬುರಗಿಯ ಹುಮನಾಬಾದ್ ಬೇಸ್ ಸರ್ಕಲ್ಲಿನ ಹತ್ತಿರ ಕಟ್ಟಿಸಿದ ಫ್ಲೆಕ್ಸ್ ನೋಡುವ ಭಾಗ್ಯವೂ ಒದಗಿತು. ಎಡಗಡೆ "ಮೊದಲು" ಎಂದು ನನ್ನ ಫೋಟೋ. ಬಲಗಡೆ "ಈಗ" ಎಂದು ಮಹಾದೇವಪ್ಪನವರ ಫೋಟೋ, ಮೀಸೆ ಸಮೇತ. ಮೇಲೆ ಕೆಂಪಕ್ಷರದಲ್ಲಿ "ನಂಬಲಾಗದ ಬದಲಾವಣೆ!" ಎಂದು ಬರೆಸಿದ್ದೀರಿ, ಜೀವಮಾನವೆಲ್ಲ ಕೆಂಪು ಮಸಿಯಲ್ಲಿ ತಪ್ಪು ತಿದ್ದಿದ ನನಗೂ ಆ ವಾಕ್ಯದಲ್ಲಿ ತಪ್ಪು ಸಿಗಲಿಲ್ಲ. ಕಮಲಾಪುರದ ಹೆಣ್ಣುಮಕ್ಕಳು ಈಗ ನನ್ನನ್ನು ತಡೆದು, ಆಪರೇಷನ್ ಮಾಡಿಸಿದರೆ ಮೀಸೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳುತ್ತಿದ್ದಾರೆ. ನಾನು ತಮ್ಮಿಂದ ಕಲಿತ ಹಾಗೆ, ನೋಡಮ್ರಿ ಎನ್ನುತ್ತೇನೆ.

ನಾಲ್ಕನೆಯ ಭೇಟಿಗೆ ನಾನೊಂದು ಉಪಾಯ ಮಾಡಿದೆ. ಬಾಯಿಂದ ಕೇಳಿದರೆ ಉತ್ತರ ದಾರಿ ತಪ್ಪುತ್ತದೆ, ಬರೆದು ಕೇಳೋಣ ಎಂದು ನನ್ನ ಕಸುಬಿಗೆ ತಕ್ಕಂತೆ ಒಂದು ಪ್ರಶ್ನೆಪತ್ರಿಕೆ ಸಿದ್ಧಪಡಿಸಿದೆ. ಸಮಯ ಐದು ನಿಮಿಷ, ಗರಿಷ್ಠ ಅಂಕ ಇಪ್ಪತ್ತೈದು. ಮೊದಲನೆಯ ಪ್ರಶ್ನೆ ಹತ್ತು ಅಂಕದ್ದು, ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು: ಪುತಳಾಬಾಯಿಯು ಸಕ್ಕರೆ ಗುಳಿಗೆಯನ್ನು ಮುಂದುವರಿಸಬೇಕೇ? ಆಮೇಲೆ ಬಿಟ್ಟ ಸ್ಥಳ ತುಂಬುವುದು: ಜೋಳದ ರೊಟ್ಟಿಯನ್ನು ಡ್ಯಾಶ್ ತಿಂಗಳ ನಂತರ ತಿನ್ನಬಹುದು. ಕೊನೆಗೆ ಹೊಂದಿಸಿ ಬರೆಯುವುದು: ಒಂದು ಕಡೆ ವಾಂತಿ, ತಲೆಸುತ್ತು, ಕೂದಲು ಉದುರುವುದು, ನಮ್ಮೂರ ಕೆಂಪು ಬಾಳೆಹಣ್ಣು; ಇನ್ನೊಂದು ಕಡೆ ಸಹಜ, ಅಪಾಯ, ಅರ್ಧ ಮಾತ್ರ, ಕೂಡಲೇ ಬನ್ನಿ. ದಡ್ಡರೂ ಪಾಸಾಗಲೆಂದು ಕಾಳಜಿಯಿಂದ ತಯಾರಿಸಿದ್ದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಯಜಮಾನರು ಒಳಗೆ ಒಯ್ದರು. ತಾವು ಅದರ ಕೆಳಗೆ ಸಹಿ ಹಾಕಿ, ದುಂಡನೆಯ ಮೊಹರು ಒತ್ತಿ, ವಾಪಸು ಕಳಿಸಿದಿರಿ. ನಮ್ಮಲ್ಲಿ ಏನೂ ಓದದೆ ಬರುವ ಹುಡುಗರು ಪ್ರಶ್ನೆಯನ್ನಾದರೂ ಇನ್ನೊಮ್ಮೆ ಬರೆದಿಟ್ಟು ಹೋಗುತ್ತಾರೆ ಸಾಹೇಬರೇ, ಕೈಬರಹಕ್ಕೆ ಅರ್ಧ ಅಂಕ ಕೊಡುತ್ತೇವೆ.

ಇಲ್ಲಿಯವರೆಗೆ ಬರೆದದ್ದಕ್ಕೆ ನನಗೂ ನಗು ಬಂದಿದೆ. ಮುಂದಿನದಕ್ಕೆ ಬರುವುದಿಲ್ಲ. ಅದಾದ ಐದನೆಯ ದಿನ, ತಾವು ಮುಂದುವರಿಸಿ ಎಂದ ಗುಳಿಗೆಯನ್ನು ನುಂಗಿ, ಎರಡು ಚಮಚ ಗಂಜಿ ಕುಡಿದು, ಮೊದಲ ಪಿರಿಯಡ್ಡಿಗೆ ಒಂಬತ್ತನೆಯ ಇಯತ್ತೆಗೆ ಹೋದೆ. ಹಾಜರಿ ತೆಗೆದುಕೊಳ್ಳುತ್ತಿದ್ದಾಗ ಕೈ ನಡುಗತೊಡಗಿತು, ಬೆವರು ಪುಸ್ತಕದ ಮೇಲೆ ಹನಿಯಿತು, ಅಕ್ಷರಗಳು ಕಾಣಿಸಿದರೂ ಓದಲಾಗಲಿಲ್ಲ. ನಾನು "ಮಾಯಾ" ಎಂದೆ. ಮಾಯಾ ಎಂಬುವಳು ನನ್ನ ಮಗಳು, ಮದುವೆಯಾಗಿ ಬೀದರಿನಲ್ಲಿದ್ದಾಳೆ. ಮೊದಲನೆಯ ಬೆಂಚಿನ ಹುಡುಗಿ ಎದ್ದು "ಹಾಜರ್ ರೀ ಟೀಚರ್" ಎಂದಳು. ಮತ್ತೆ "ಮಾಯಾ" ಎಂದೆ, ಪಕ್ಕದವಳು ಎದ್ದಳು. ಹೀಗೆ ನಲವತ್ತೆರಡು ಸಲ ಕೂಗಿದೆನಂತೆ, ನಲವತ್ತೆರಡು ಮಕ್ಕಳೂ, ಗಂಡುಮಕ್ಕಳೂ ಸೇರಿ, ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ನನ್ನನ್ನೇ ನೋಡಿ ಉತ್ತರ ಕೊಟ್ಟರಂತೆ. ಟೀಚರ್ ಕೇಳಿದ ಮೇಲೆ ಹೇಳಬೇಕು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಆಮೇಲೆ ನಾನು ಕುರ್ಚಿಯಿಂದ ಜಾರಿ ಬಿದ್ದೆ. ಬೀಳುವಾಗ ಮಗಳ ಹೆಸರು ನೆನಪಿತ್ತು, ಮುಖ ನೆನಪಾಗಲಿಲ್ಲ. ಸಾಯುವುದಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ.

ಕಮಲಾಪುರದ ಸರಕಾರಿ ದವಾಖಾನೆಯಲ್ಲಿ ಸನಾ ಎಂಬ ಎಳೆಯ ಡಾಕ್ಟರಮ್ಮ ನನ್ನ ಬೆರಳನ್ನು ಚುಚ್ಚಿದರು. ನನ್ನದೇ ಬೆರಳು, ನಾನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ನರಕ್ಕೆ ಗ್ಲುಕೋಸ್ ಹಾಕಿ, ನನಗೆ ತಿಳಿವು ಬಂದ ಮೇಲೆ, ಓಡಿಬಂದು ಏನಾಯಿತೆಂದು ಕೇಳುತ್ತಿದ್ದ ಮಹಾದೇವಪ್ಪನವರನ್ನು ಒಂದು ನಿಮಿಷ ಹೊರಗೆ ನಿಲ್ಲಲು ಹೇಳಿ, ಕುರ್ಚಿ ಎಳೆದುಕೊಂಡು, ನನ್ನ ಮುಖ ನೋಡಿ ಹೇಳಿದರು: "ಟೀಚರ್, ಈ ಗುಳಿಗಿ ಇವತ್ತಿಂದ ಬಂದ್. ಊಟ ಇಳದದ, ತೂಕ ಇಳದದ, ಇದನ್ನೂ ನುಂಗಿದ್ರ ಸಕ್ಕರಿ ಪಾತಾಳಕ್ಕ ಹೋಗ್ತದ. ಒಳಗ ಎಷ್ಟು ಬಿಟ್ಟಾರ, ಏನೇನ್ ತಿನ್ಬೇಕು ಅನ್ನೋದು ಮಾತ್ರ ಕೊಯ್ದವರಿಗೇ ಕೇಳ್ಬೇಕ್ರಿ." ಇಷ್ಟಕ್ಕೆ ಅರ್ಧ ನಿಮಿಷ ಹಿಡಿಯಿತು. ನಾನು ಅತ್ತುಬಿಟ್ಟೆ. ಸಾವು ತಪ್ಪಿತೆಂದಲ್ಲ, ಒಬ್ಬರು ಡಾಕ್ಟರು ನನಗೆ ಹೇಳಿದರೆಂದು.

ಅವರ ಮಾತಿನಂತೆ ಕೊಯ್ದವರನ್ನೇ ಕೇಳಲು ಕಳೆದ ಗುರುವಾರ ನಾನೊಬ್ಬಳೇ ಬಂದೆ. ನರ್ಸಮ್ಮ ಫೈಲು ತೆಗೆದು, ನನ್ನ ಹಿಂದೆ ಮುಂದೆ ನೋಡಿ, "ಪೇಶಂಟ್ ಎಲ್ಯಾರ್ರಿ? ಪೇಶಂಟ್ ಬರಲಾರ್ದ ಸಾಹೇಬ್ರು ನೋಡಂಗಿಲ್ಲ" ಎಂದು ಮರಳಿ ಕಳಿಸಿದರು. ಆದ್ದರಿಂದ ತಮ್ಮ ಅಮೂಲ್ಯ ಸಮಯಕ್ಕೆ ಧಕ್ಕೆಯಾಗದಂತೆ ಕೆಲವು ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ತಾವು ದೊಡ್ಡ ಮನಸ್ಸು ಮಾಡಿ ಮಹಾದೇವಪ್ಪನವರ ಹೊಟ್ಟೆಯನ್ನೂ ಅಷ್ಟೇ ಕೊಯ್ದುಬಿಟ್ಟರೆ ಫೈಲು, ಫ್ಲೆಕ್ಸ್, ಪಥ್ಯ ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ, ಆದರೆ ಅವರು ನನಗೆ ಬೇಕಾದವರು, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದಾಗದಿದ್ದರೆ ನನ್ನನ್ನೇ ನನ್ನ ಯಜಮಾನರೆಂದು ಘೋಷಿಸಿ ಒಂದು ಸರ್ಟಿಫಿಕೇಟ್ ಕೊಡಬೇಕು. ಓದದೆ ಸಹಿ ಹಾಕುವ ರೂಢಿ ತಮಗಿರುವುದರಿಂದ ಕಷ್ಟವಾಗಲಾರದು. ಎರಡೂ ಆಗದಿದ್ದರೆ ಬರುವ ಭಾನುವಾರ ಹತ್ತು ಗಂಟೆಗೆ ನಮ್ಮ ಶಾಲೆಯಲ್ಲಿ ತಮಗಾಗಿ ಪೂರಕ ಪರೀಕ್ಷೆ ಇಟ್ಟಿದ್ದೇನೆ. ನಲವತ್ತೆರಡು ಮಕ್ಕಳೂ ಮೇಲ್ವಿಚಾರಣೆಗೆ ಒಪ್ಪಿದ್ದಾರೆ, ಅವರಲ್ಲೊಬ್ಬರೂ ತಮಗೆ ಹೇಳಿಕೊಡುವುದಿಲ್ಲ. ಮೊದಲನೆಯ ಪ್ರಶ್ನೆಯನ್ನು ತೆಗೆದುಹಾಕಿದ್ದೇನೆ, ಅದಕ್ಕೆ ಬೇರೆಯವರು ಉತ್ತರ ಬರೆದಾಗಿದೆ. ಉಳಿದ ಹದಿನೈದು ಅಂಕಗಳು ಇನ್ನೂ ತಮ್ಮ ಕೈಯಲ್ಲಿವೆ, ಮತ್ತು ಆ ಉತ್ತರಗಳನ್ನು ನಂಬಿ ನಾನು ಇನ್ನು ಬದುಕಿರುವಷ್ಟು ದಿನ ಉಣ್ಣಬೇಕಾಗಿದೆ.

ತಮ್ಮ ಕತ್ತರಿಯನ್ನು ನಂಬಿದ, ತಮ್ಮ ಮಾತಿಗಾಗಿ ಇನ್ನೂ ಕಾದಿರುವ,

ತಮ್ಮ ವಿಶ್ವಾಸಿ,
ಪುತಳಾಬಾಯಿ ಮಹಾದೇವಪ್ಪ
ಕನ್ನಡ ಶಿಕ್ಷಕಿ, ಕಮಲಾಪುರ

ತಾ.ಕ.: ಮುಂದಿನ ಗುರುವಾರವೂ ನಾನೊಬ್ಬಳೇ ಬರುತ್ತೇನೆ. ಪಕ್ಕದ ಕುರ್ಚಿ ಖಾಲಿ ಇರುವುದರಿಂದ ಯಾರನ್ನು ನೋಡಿ ಮಾತಾಡಬೇಕೆಂದು ತಮಗೆ ಗಲಿಬಿಲಿಯಾಗಬಹುದು. ಗುರುತಿಗಾಗಿ ತಿಳಿಸುತ್ತೇನೆ, ನನ್ನ ಹೊಟ್ಟೆಯ ಮೇಲೆ ಐದು ಸಣ್ಣ ಕಲೆಗಳಿವೆ. ಈ ಮೂರು ತಿಂಗಳಲ್ಲಿ ತಾವು ನೇರವಾಗಿ ನನಗೇ ಎಂದು ಬರೆದದ್ದು ಅವಷ್ಟೇ.